ಟ್ರಂಕಿನ ಬೀಗ ಹಾಕಿದ ಹಾಗೇ ಇತ್ತು

ಟ್ರಂಕಿಗೆ ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಒಳಗಿದ್ದ ಒಡವೆ ಮಾತ್ರ ಇರಲಿಲ್ಲ.

ಇದು ಮಾಟವಲ್ಲ, ಮಂತ್ರವಲ್ಲ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಒಂದು ಮೋಟಾರು ಸರ್ವಿಸ್. (ಸರ್ವಿಸ್ಸಿನ ಹೆಸರು ಬರೆಯುವುದಿಲ್ಲ. ಬರೆದರೆ ಸಂಪಾದಕರಿಗೆ ಲಾಯರ್ ನೋಟೀಸು ಬರುತ್ತದೆ, ನನಗೆ ಈ ಅಂಕಣ ಹೋಗುತ್ತದೆ.)

ಕೆಲವು ವಾರಗಳಿಂದ ಈ ಜಾಗ ಖಾಲಿ ಇದ್ದದ್ದು ಯಾಕೆ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಮೇಷ್ಟ್ರಿಗೆ ಮೈ ಸರಿ ಇಲ್ಲವೇ, ಇಲ್ಲ ಬರೆಯುವುದಕ್ಕೆ ಏನೂ ಉಳಿದಿಲ್ಲವೇ? ಮೈ ಸರಿಯಾಗಿಯೇ ಇದೆ. ಬರೆಯುವುದಕ್ಕೆ ಬೇಡವೆನಿಸುವಷ್ಟು ಇದೆ. ನಗಿಸುವ ವಾರ ಮಾತ್ರ ಇದಲ್ಲ. ನಗು ಬೇಕಾದವರು ಪುಟ ತಿರುಗಿಸಬಹುದು, ನನಗೆ ಬೇಸರವಿಲ್ಲ.

ಸರ್ವಮಂಗಳ ನನ್ನ ಅಕ್ಕನ ಮಗಳು. ಮನೆಯಲ್ಲಿ ನಾವೆಲ್ಲ ಮಂಗಳ ಎನ್ನುತ್ತೇವೆ. ಊರು ಬರಗೂರು. ಪಾವಗಡದ ಕಡಲೆಕಾಯಿ ಮಂಡಿ ವ್ಯಾಪಾರಿ ಶಾಂತವೀರಪ್ಪನಿಗೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಗಂಡುಕೂಸು. ಬಾಣಂತನ ಮುಗಿಯಿತು, ಗಂಡನ ಮನೆಗೆ ಕಳಿಸಬೇಕು. ಭಾವನಿಗೆ ಗೂರಲು, ಪ್ರಯಾಣ ಆಗದು. ಹೀಗಿರುವಾಗ ಸೋದರಮಾವನೆಂಬ ಪ್ರಾಣಿ ಮತ್ತೆ ಯಾತಕ್ಕೆ ಇರುವುದು? ಅಕ್ಕ ಮಗಳನ್ನೂ ಮೊಮ್ಮಗನನ್ನೂ ಗಾಡಿ ಕಟ್ಟಿಸಿಕೊಂಡು ಬಂದು ಮಧುಗಿರಿಯ ನಮ್ಮ ಮನೆಗೆ ಬಿಟ್ಟು ಹೋದಳು. ಅಲ್ಲಿಂದ ಮುಂದಕ್ಕೆ ಜವಾಬ್ದಾರಿ ನನ್ನದು.

ಹೆರಿಗೆಗೆ ಕಳಿಸುವಾಗ ಮಂಗಳನ ಅತ್ತೆ ನಂಜಮ್ಮನವರು ಸೊಸೆಯನ್ನು ಬರಿಗೊರಳಲ್ಲಿ ಕಳಿಸಿರಲಿಲ್ಲ. ಕಾಸಿನ ಸರ, ವಂಕಿ, ಡಾಬು, ಜಡೆಬಿಲ್ಲೆ ಎಲ್ಲ ಹಾಕಿಯೇ ಕಳಿಸಿದ್ದರು. ಅವು ಹೊಸದಾಗಿ ಮಾಡಿಸಿದ ಒಡವೆಗಳೂ ಅಲ್ಲ. ನಂಜಮ್ಮನವರಿಗೆ ಅವರ ತಾಯಿ ಹಾಕಿದ್ದು. ತನ್ನ ಮೈಮೇಲಿಂದ ಬಿಚ್ಚಿ ಸೊಸೆಗೆ ತೊಡಿಸಿದ ಹೆಂಗಸು ಅವರು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಅವರನ್ನು ಬೈಯುವ ಆಸೆ ನಿಮಗೆ ಬರುತ್ತದೆ.

ಯುದ್ಧದ ಕಾಲ. ಅಕ್ಕಿಯಿಲ್ಲ, ಸೀಮೆಎಣ್ಣೆಯಿಲ್ಲ, ದಾರಿಯಲ್ಲಿ ಹೋಗುವವರ ಮುಖದಲ್ಲಿ ನಂಬಿಕೆಯಿಲ್ಲ. ಕಂಕುಳಲ್ಲಿ ಕೂಸು ಎತ್ತಿಕೊಂಡ ಹುಡುಗಿ ಮೈತುಂಬ ಚಿನ್ನ ಹಾಕಿಕೊಂಡು ಬಸ್ಸು ಹತ್ತುತ್ತಾಳೆಯೇ? ಒಡವೆಯನ್ನೆಲ್ಲ ಹಿತ್ತಾಳೆ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಟ್ರಂಕಿನ ತಳದಲ್ಲಿ ಬಟ್ಟೆಯ ನಡುವೆ ಇಟ್ಟೆವು. ಬೀಗದ ಕೈ ಮಂಗಳನ ಸೊಂಟದಲ್ಲಿ.

ಬಸ್ಸಿನ ಬಗ್ಗೆ ನಿಮಗೆ ಹೇಳಬೇಕಾದ್ದಿಲ್ಲ. ಪೆಟ್ರೋಲ್ ಸಿಗದೆ ಎಲ್ಲ ಸರ್ವಿಸ್ಸಿನವರೂ ಹಿಂದುಗಡೆ ಇದ್ದಿಲ ಒಲೆ ಕಟ್ಟಿಸಿಕೊಂಡಿದ್ದಾರಲ್ಲ, ಅಂಥದೇ ಒಂದು. ಒಳಗೆ ಕಾಲಿಡಲು ಜಾಗವಿಲ್ಲ. ಟ್ರಂಕು ಕಂಡ ಕೂಡಲೇ ಕಂಡಕ್ಟರ್ ಕೈ ಅಡ್ಡ ಹಿಡಿದ. ಟ್ರಂಕು ಟಾಪಿಗೇ ಹೋಗಬೇಕು, ಚಾರ್ಜು ಕೊಡಬೇಕು. ಕೊಟ್ಟೆ.

ಮೇಲಕ್ಕೆ ಹೊತ್ತವನು ಖಾದರ್ ಸಾಬ್. ಶಿರಾ ಕಡೆಯವನು. ವರ್ಷಗಳಿಂದ ಮಧುಗಿರಿಯ ಮೋಟಾರು ಸ್ಟ್ಯಾಂಡಿನಲ್ಲಿ ಹಮಾಲಿ. ನಮ್ಮ ಸ್ಕೂಲಿನ ಬೆಂಚುಗಳನ್ನು ಹೊತ್ತವನೂ ಅವನೇ. ಟ್ರಂಕನ್ನು ಟಾಪಿನ ಮೇಲಿಟ್ಟು, ಹಗ್ಗ ಬಿಗಿದು, ನಾವು ನೋಡುತ್ತಿದ್ದ ಹಾಗೇ ಇಳಿದು ಬಂದ. ಕೂಸಿನ ಮುಖ ನೋಡಿ ಗಡ್ಡದೊಳಗೇ ನಕ್ಕ.

"ನಜರ್ ಆಗ್ತದೆ ಅಮ್ಮಾಜಿ, ಸೆರಗು ಮುಚ್ಚಿ" ಎಂದ. ಮಂಗಳ ಮುಚ್ಚಿದಳು. ಬಸ್ಸು ಹೊರಟಿತು. ಅವನು ಸ್ಟ್ಯಾಂಡಿನಲ್ಲೇ ಉಳಿದ.

ಮಿಡಿಗೇಶಿಯಲ್ಲಿ ಇದ್ದಿಲು ತುಂಬಲು ಬಸ್ಸು ನಿಂತಿತು. ಅಷ್ಟರಲ್ಲಿ ಕೂಸು ಬಟ್ಟೆ ಹಾಳು ಮಾಡಿಕೊಂಡಿತ್ತು. ಬೇರೆ ಬಟ್ಟೆ ಟ್ರಂಕಿನಲ್ಲಿ. ಕ್ಲೀನರ್ ಗೊಣಗುತ್ತ ಟ್ರಂಕು ಇಳಿಸಿಕೊಟ್ಟ. ಒಂದು ಹೋಟೆಲಿನ ಜಗಲಿಯ ಮೇಲೆ ಮಂಗಳ ಬೀಗ ತೆಗೆದಳು. ಬಟ್ಟೆ ತೆಗೆಯುವಾಗ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳ ಎತ್ತಿ ನೋಡಿದಳು. ನಾನೂ ನೋಡಿದೆ. ಎಲ್ಲ ಇತ್ತು.

"ಮಾವ, ಇದನ್ನ ಮಡಿಲಲ್ಲೇ ಇಟ್ಕಂತೀನಿ" ಎಂದಳು.

"ಇಟ್ಕೊ" ಎಂದೆ.

ಹಿಂದೆಯೇ ನಿಂತಿದ್ದ ಕಂಡಕ್ಟರ್ ಬಾಯಿ ಹಾಕಿದ. ಮಾತು ಬಹಳ ಮೃದು.

"ತಾಯೀ, ಮುಂದೆ ಏರು ಬತ್ತದೆ. ಇದ್ದಿಲು ಗಾಡಿ ಹತ್ತಾಕಿಲ್ಲ, ಎಲ್ರೂ ಇಳ್ದು ನಡೀಬೇಕು. ಒಂದ್ ಕೈಲಿ ಕೂಸು, ಒಂದ್ ಕೈಲಿ ಡಬ್ಬಿ, ಹೆಂಗ್ ನಡೀತೀರಿ? ಈ ಜನದಾಗೆ ಯಾವನಾನ ಕಿತ್ಕಂಡು ಓಡೋದ್ರೆ? ಟ್ರಂಕಲ್ಲಿಟ್ಟು ಬೀಗ ಹಾಕ್‌ಬುಡಿ. ನಾನಿದ್ದೀನಿ."

ನ್ಯಾಯವಾದ ಮಾತು ಅನ್ನಿಸಿತು. ನಿಮಗೂ ಅನ್ನಿಸುತ್ತಿತ್ತು. ಡಬ್ಬಿ ಟ್ರಂಕಿಗೆ ಹೋಯಿತು, ಬೀಗ ಬಿತ್ತು, ಕ್ಲೀನರ್ ಮೇಲೆ ಸಾಗಿಸಿದ.

ಏರು ಬಂತು. ಎಲ್ಲರೂ ಇಳಿದೆವು. ಹಗುರಾದ ಬಸ್ಸು ಹೊಗೆ ಬಿಡುತ್ತ, ಕೆಮ್ಮುತ್ತ ತಿರುವು ದಾಟಿ ಮರೆಯಾಯಿತು. ಅದರ ಜೊತೆ ಡ್ರೈವರು, ಕಂಡಕ್ಟರು, ಕ್ಲೀನರು ಮೂವರೂ. ನಾವು ಬಿಸಿಲಿನಲ್ಲಿ ಏದುಸಿರು ಬಿಡುತ್ತ ಹತ್ತಿದೆವು. ಎಳೆ ಬಾಣಂತಿ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಮೇಲೆ ತಲುಪಿದಾಗ ಬಸ್ಸು ಮರದ ನೆರಳಲ್ಲಿ ನಿಂತಿತ್ತು. ಡ್ರೈವರು ಬೀಡಿ ಸೇದುತ್ತಿದ್ದ. ಬಸ್ಸು ಅಲ್ಲಿ ಎಷ್ಟು ಹೊತ್ತಿನಿಂದ ನಿಂತಿತ್ತು, ಯಾರು ಟಾಪಿನ ಮೇಲಿದ್ದರು? ಹತ್ತುತ್ತಿದ್ದವರಿಗೆ ಹೇಗೆ ಗೊತ್ತಾಗಬೇಕು?

ಅದರಿಂದಾಚೆ ಸ್ವಲ್ಪ ದೂರ ರಸ್ತೆ ಇಂಗ್ಲಿಷರ ಸೀಮೆಯಲ್ಲಿ ಹಾದುಹೋಗುತ್ತದೆ. ಪಾವಗಡ ನಮ್ಮ ಮಹಾರಾಜರದೇ, ಆದರೆ ಮಧುಗಿರಿಯಿಂದ ಅಲ್ಲಿಗೆ ಹೋಗಲು ಮದ್ರಾಸಿನವರ ನೆಲವನ್ನು ತುಳಿಯಬೇಕು. ಇದು ಭೂಗೋಳದ ಪಾಠ ಎಂದುಕೊಳ್ಳಬೇಡಿ. ಆಮೇಲೆ ಇದೇ ನಮ್ಮ ಕೊರಳಿಗೆ ಬಂತು.

ಪಾವಗಡದಲ್ಲಿ ಬಾಗಿಲಲ್ಲೇ ಆರತಿ ಎತ್ತಿದರು. ನಂಜಮ್ಮನವರು ಮೊಮ್ಮಗನನ್ನು ಕಿತ್ತುಕೊಳ್ಳುವ ಹಾಗೆ ಎತ್ತಿಕೊಂಡರು. ಮುತ್ತೈದೆಯರು ನೆರೆದಿದ್ದರು. "ಬರಿಗೊರಳಲ್ಲಿ ನಿಂತ್ಕಬ್ಯಾಡಮ್ಮ, ಒಡವೆ ಇಟ್ಕಂಡು ಬಾ" ಎಂದರು. ಮಂಗಳ ನಡುಮನೆಯಲ್ಲೇ ಟ್ರಂಕು ತೆಗೆದಳು. ಕೈ ತಳಕ್ಕೆ ಹೋಯಿತು. ಅಲ್ಲೇ ನಿಂತಿತು.

ಡಬ್ಬಿಯ ಜಾಗದಲ್ಲಿ ಒಂದು ಕಲ್ಲು. ಕೂಸಿನ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು, ಎತ್ತಿದರೆ ಭಾರ ಸರಿಯಾಗಿರಲಿ ಎಂದು. ಆ ಬಟ್ಟೆಯ ಮೇಲೆ ಬೆರಳುಗಳ ಕರಿ ಗುರುತು. ಇದ್ದಿಲ ಮಸಿ.

ನಂಜಮ್ಮನವರು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಕೇಳಿದರು.

"ಏಮಮ್ಮಾ ಇದಿ? ಬೀಗ ಬೀಗದ್ ಹಂಗೇ ಐತೆ. ಬೀಗದ್ ಕೈ ನಿನ್ ಸೊಂಟದಾಗೈತೆ. ಕಳ್ಳ ಎಲ್ಲಿಂದ ಬಂದ?"

ನಾನು ಟ್ರಂಕನ್ನು ತಿರುಗಿಸಿ ತೋರಿಸಿದೆ. ಹಿಂಬದಿಯ ಎರಡು ಕೀಲುಗಳ ಕಡ್ಡಿಯನ್ನು ಹೊರಗೆ ತಳ್ಳಿ, ಮುಚ್ಚಳವನ್ನು ಹಿಂದಿನಿಂದ ಎತ್ತಿ, ಮತ್ತೆ ಕಡ್ಡಿ ಸೇರಿಸಿದ್ದರು. ಹಳೆಯ ತುಕ್ಕಿನ ನಡುವೆ ಹೊಸ ಗೀರು ಹೊಳೆಯುತ್ತಿತ್ತು. ನಂಜಮ್ಮನವರು ಅದನ್ನು ನೋಡಲೇ ಇಲ್ಲ. "ಅದು ನಮ್ಮಮ್ಮನ್ ವಂಕಿ. ನಮ್ಮಮ್ಮನ್ದು" ಎಂದು ನೆಲದ ಮೇಲೆ ಕೂತುಬಿಟ್ಟರು. ಕೂಸು ಅವರ ತೊಡೆಯ ಮೇಲೆಯೇ ಇತ್ತು. ಅವರು ಅಳುತ್ತಿದ್ದರು. ಆ ಅಳು ನಾಟಕವಾಗಿರಲಿಲ್ಲ.

ಶಾಂತವೀರಪ್ಪ ಬಂದ. ಬಗ್ಗಿ, ಕೀಲಿನ ಮೇಲೆ ಬೆರಳಾಡಿಸಿದ. ಅವನಿಗೆ ಅರ್ಥವಾಯಿತು. ಅರ್ಥವಾದದ್ದು ನನಗೂ ಕಂಡಿತು. ಮಂಗಳ ಅವನ ಮುಖವನ್ನೇ ನೋಡುತ್ತಿದ್ದಳು.

"ನೀವಾದ್ರೂ ಹೇಳ್ರಿ" ಎಂದಳು.

ಅವನು ತಾಯಿಯ ಕಡೆ ನೋಡಿದ. ಚಪ್ಪಲಿ ಮೆಟ್ಟಿಕೊಂಡು ಮಂಡಿಗೆ ಹೋದ.

ಸಂಜೆಯೊಳಗೆ ತೀರ್ಪಾಗಿತ್ತು. ಒಡವೆ ತವರಲ್ಲೇ ಉಳಿದಿದೆ, ಸೋದರಮಾವ, ಸೊಸೆ ಸೇರಿ ಕಲ್ಲು ಕಟ್ಟಿಕೊಂಡು ಬಂದಿದ್ದಾರೆ. ಯಾರೋ ಒಬ್ಬಾಕೆ ನನಗೆ ಕೇಳಿಸುವ ಹಾಗೆಯೇ ಹೇಳಿದಳು. ಒಡವೆ ಸಿಕ್ಕಿದ ಮೇಲೆ ಸೊಸೆ ಬರಲಿ ಎಂದರು ನಂಜಮ್ಮನವರು. ಕೂಸನ್ನಾದರೂ ಇಟ್ಟುಕೊಳ್ಳುತ್ತೇವೆ ಎನ್ನಲಿಲ್ಲ, ಅದು ಹಾಲು ಕುಡಿಯುವ ಕೂಸು. ಬೆಳಗಿನ ಬಸ್ಸಿಗೆ ಮೂವರೂ ಹಿಂತಿರುಗಿದೆವು. ಅದೇ ಟ್ರಂಕು. ಈ ಸಲ ಯಾರೂ ಅದನ್ನು ಟಾಪಿಗೆ ಹಾಕಿ ಎನ್ನಲಿಲ್ಲ.

ಕಂಪ್ಲೇಂಟ್ ಕೊಡಬೇಕಲ್ಲ? ಹೋದೆ. (ಯಾವ ಊರಿನ ಸ್ಟೇಷನ್ನು ಎಂದು ಬರೆಯುವುದಿಲ್ಲ. ನಾನು ಬರೆದರೂ ನಿಮಗೆ ಅದು ಅಚ್ಚಾಗಿ ಸಿಗುವುದಿಲ್ಲ.) ಒಂದು ಸ್ಟೇಷನ್ನಿನವರು, ಟ್ರಂಕು ಹೇರಿದ್ದು ಇಲ್ಲಲ್ಲ, ಹೇರಿದ ಕಡೆ ಹೋಗಿ ಎಂದರು. ಇನ್ನೊಂದರಲ್ಲಿ ದಫೇದಾರರು, ಕಳುವಾದದ್ದು ನಮ್ಮ ಸೀಮೆಯಲ್ಲೋ ಇಂಗ್ಲಿಷರ ಸೀಮೆಯಲ್ಲೋ ಎಂದು ಕೇಳಿದರು. ನನಗೆ ಹೇಗೆ ಗೊತ್ತು? ಕಳ್ಳ ಗಡಿಕಲ್ಲು ನೋಡಿಕೊಂಡು ಕೈ ಹಾಕಿದನೇ? ಮಸಿಯ ಬಟ್ಟೆ ತೋರಿಸಿದೆ. "ಮಸಿ ಯಾರ ಮನೇಲಿಲ್ಲ ಮೇಷ್ಟ್ರೇ?" ಎಂದು ಮಡಿಸಿ ಕೈಗೆ ಕೊಟ್ಟರು. ಕೊನೆಗೆ ಮಂಗಳನ ಹೆಸರಿನಲ್ಲಿ ಕಂಪ್ಲೇಂಟ್ ಬರೆದುಕೊಂಡರು.

ಅಲ್ಲಿಂದ ಬಸ್ಸಿನ ಏಜೆಂಟರ ಹತ್ತಿರ ಹೋದೆ. ಸಜ್ಜನ. ಕಾಫಿ ತರಿಸಿದ. ಟಿಕೆಟ್ಟಿನ ಹಿಂಬದಿ ತಿರುಗಿಸಿ, ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಬೆರಳಿಟ್ಟ. ಲಗೇಜಿನಲ್ಲಿರುವ ಬೆಲೆಬಾಳುವ ವಸ್ತುಗಳಿಗೆ ಸರ್ವಿಸ್ಸಿನವರು ಜವಾಬ್ದಾರರಲ್ಲ.

"ಹಾಗಾದ್ರೆ ಲಗೇಜ್ ಚಾರ್ಜು ಯಾಕೆ ತಗೋತೀರಿ?" ಎಂದೆ.

"ಅದು ಹೊರೋದಕ್ಕೆ ಮೇಷ್ಟ್ರೇ. ಕಾಯೋದಕ್ಕಲ್ಲ."

ಆ ಕಾಫಿ ನಾನು ಕುಡಿಯಲಿಲ್ಲ. ಅಷ್ಟು ಮಾತ್ರ ನನ್ನಿಂದಾದ ಪ್ರತಿಭಟನೆ.

ಒಂದು ಬೆಳಿಗ್ಗೆ ಸ್ಕೂಲಿಗೆ ಹೊರಟಿದ್ದೆ. ಬೀದಿಯವರು ಹೇಳಿದರು, ಕಳ್ಳ ಸಿಕ್ಕಿದನಂತೆ. ಯಾರು? ಖಾದರ್ ಸಾಬ್.

ಮಂಗಳ ಒಳಗಿನಿಂದ ಕೇಳಿಸಿಕೊಂಡಳು. ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. "ನಡೀರಿ ಮಾವ" ಎಂದಳು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ.

ಸ್ಟೇಷನ್ನಿನ ಹಿಂದಿನ ಕೋಣೆಯ ಬಾಗಿಲು ಅರ್ಧ ತೆಗೆದಿತ್ತು. ಖಾದರ್ ಸಾಬ್ ಗೋಡೆಗೆ ಒರಗಿ ಕೂತಿದ್ದ. ಬಲಗೈ ಮಣಿಕಟ್ಟಿನ ಹತ್ತಿರ ಊದಿ, ಕೈ ಇರಬಾರದ ಕಡೆಗೆ ತಿರುಗಿತ್ತು. ಎಡಗೈಯಿಂದ ಅದನ್ನು ಹಿಡಿದುಕೊಂಡಿದ್ದ. ನಮ್ಮನ್ನು ಕಂಡು ಏಳಲು ನೋಡಿದ, ಆಗಲಿಲ್ಲ.

"ಅಲ್ಲಾ ಕಸಂ ಅಮ್ಮಾಜಿ, ನಾ ಮುಟ್ಟಿಲ್ಲ" ಎಂದ.

"ಗೊತ್ತು ಕಣಣ್ಣ" ಎಂದಳು ಮಂಗಳ. ನೇರ ಇನ್‌ಸ್ಪೆಕ್ಟರ್ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತಳು. ಬರಗೂರಿನ ಹುಡುಗಿ, ಅಲ್ಲಿಯತನಕ ಹೊರಗಿನ ಗಂಡಸರ ಎದುರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ಇವ್ರಲ್ಲ ಸ್ವಾಮಿ. ಇವ್ರು ಮಧುಗಿರೀಲೇ ಉಳ್ಕಂಡ್ರು. ಮಿಡಿಗೇಶೀಲಿ ಡಬ್ಬೀನ ನಾನು ಕಣ್ಣಾರೆ ನೋಡಿದೀನಿ."

"ಮಿಡಿಗೇಶಿ ದಾಟಿದ ಮೇಲೆ ಹೋಯ್ತು ಅಂತೀಯೇನಮ್ಮ? ಹಂಗಾದ್ರೆ ಅದು ಇಂಗ್ಲಿಷ್ ಸೀಮೆ. ನಮ್ಮ ಕೇಸೇ ಅಲ್ಲ."

"ಏರು ಇರೋದು ಗಡಿಯಿಂದ ಈಚೆಗೇ" ಎಂದೆ ನಾನು.

"ನೀವೇನು ಸರ್ವೇ ಮಾಡಿದ್ರಾ?"

ಮಂಗಳ ಬಿಡಲಿಲ್ಲ. "ಬಸ್ಸಿನೋರ್ನ ಕೇಳಿದ್ರಾ?"

"ಕೇಳಿದ್ವಿ. ಗೊತ್ತಿಲ್ಲ ಅಂದವ್ರೆ."

"ಖಾದರಣ್ಣಾನೂ ಗೊತ್ತಿಲ್ಲ ಅಂತಾನೇ ಅಂದಿರ್ಬೇಕಲ್ಲ?"

ಸಾಹೇಬರು ಪೆನ್ನು ಕೆಳಗಿಟ್ಟರು. ಬಸ್ಸಿನ ಯಜಮಾನರು ದೊಡ್ಡವರು, ಅವರ ಗಾಡಿ ನಿಂತರೆ ಅರ್ಧ ಜಿಲ್ಲೆಯ ಓಡಾಟ ನಿಲ್ಲುತ್ತದೆ. ಇದನ್ನು ಅವರು ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ. ಅವರು ಹೇಳಿದ್ದು ಬೇರೆ.

"ನೋಡಮ್ಮ. ಕಂಪ್ಲೇಂಟ್ ಇರೋ ತನಕ ಯಾರನ್ನಾದ್ರೂ ಹಿಡೀಲೇಬೇಕು, ಕೇಳಲೇಬೇಕು. ಇವನು ಕದ್ದಿರ್ಬೇಕು. ಇಲ್ಲ, ಟ್ರಂಕಲ್ಲಿ ಒಡವೇನೇ ಇರ್ಲಿಲ್ಲ ಅನ್ನಬೇಕು. ಎರಡ್ರಲ್ಲಿ ಯಾವ್ದು, ನೀನೇ ಹೇಳು."

ಕೋಣೆಯಿಂದ ಸಣ್ಣ ನರಳಿಕೆ ಕೇಳಿಸಿತು.

"ಕಂಪ್ಲೇಂಟ್ ವಾಪಸ್ ತಗಂಡ್ರೆ ಬುಡ್ತೀರಾ?" ಎಂದಳು.

"ಮಂಗಳ, ಬರ್ಕೊಟ್ರೆ ಪಾವಗಡದವರು ಏನಂತಾರೆ ಗೊತ್ತಲ್ಲ?" ಎಂದೆ.

"ಗೊತ್ತು ಮಾವ. ಅವ್ರ ಕೈ ನೋಡಿ."

ಬರೆದುಕೊಟ್ಟಳು. ಒಡವೆಯನ್ನು ಬೇರೆಲ್ಲೋ ಇಟ್ಟು ಮರೆತು, ತಪ್ಪು ತಿಳಿವಳಿಕೆಯಿಂದ ಕಂಪ್ಲೇಂಟ್ ಕೊಟ್ಟೆ ಎಂದು. ಮಾತುಗಳು ಸಾಹೇಬರವು, ಸಹಿ ಇವಳದು. ಬರೆಯುವಾಗ ಕೂಸನ್ನು ನನ್ನ ಕೈಗೆ ಕೊಟ್ಟಿದ್ದಳು. ಅದು ನನ್ನ ಗುಂಡಿ ಎಳೆಯುತ್ತ ಆಡುತ್ತಿತ್ತು.

ಖಾದರ್ ಸಾಬನನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಟ್ಟು ಹಾಕಿದರು. ಮೂಳೆ ಕೂಡಿತು, ಬೆರಳು ಮುಚ್ಚುವುದಿಲ್ಲ. ಮುಚ್ಚದ ಕೈಯಲ್ಲಿ ಹಗ್ಗ ಹಿಡಿಯುವುದು ಹೇಗೆ? ಈಗ ಶಿರಾದಲ್ಲಿ ತಮ್ಮನ ಬಳೆ ಅಂಗಡಿಯ ಮುಂದೆ ಕೂತಿರುತ್ತಾನೆ. ಮೊನ್ನೆ ಹೋಗಿದ್ದೆ. "ಕೂಸು ಹೆಂಗದೆ?" ಎಂದು ಕೇಳಿದ. ಮಂಗಳ ಎಲ್ಲಿದ್ದಾಳೆ ಎಂದು ಕೇಳಲಿಲ್ಲ. ಗೊತ್ತಿರಬೇಕು.

ಪಾವಗಡಕ್ಕೆ ಸುದ್ದಿ ಹೋಗಲು ತಡವಾಗಲಿಲ್ಲ. ಅವಳೇ ಬರೆದುಕೊಟ್ಟಳಂತೆ, ಒಡವೆ ಟ್ರಂಕಲ್ಲೇ ಇರಲಿಲ್ಲವಂತೆ. ಇನ್ನೇನು ಬೇಕು? ಶಾಂತವೀರಪ್ಪ ಒಂದು ಮಧ್ಯಾಹ್ನ ಬಂದ. ಬಾಗಿಲಲ್ಲೇ ನಿಂತ. ಕೂಸನ್ನು ನೋಡಿದ, ಎತ್ತಿಕೊಳ್ಳಲಿಲ್ಲ.

"ಹಂಗ್ ಬರ್ಕೊಡೋಕ್ ಮುಂಚೆ ನನ್ನನ್ನ ಒಂದ್ ಮಾತು ಕೇಳ್ಬೇಕಿತ್ತು" ಎಂದ.

"ಟ್ರಂಕು ತೆಗ್ದ ದಿನಾನೇ ಕೇಳಿದ್ದೆ. ನೀವು ಮಂಡಿಗೆ ಹೋದ್ರಿ" ಎಂದಳು ಮಂಗಳ.

ಅವನು ತಲೆ ತಗ್ಗಿಸಿದ. ಅಮ್ಮ ಒಪ್ಪುತ್ತಿಲ್ಲ ಎಂದ. ಸಂಜೆಯ ಬಸ್ಸಿಗೆ ಹೊರಟುಹೋದ. ಮತ್ತೆ ಬಂದಿಲ್ಲ.

ಮಂಗಳ ಈಗ ನಮ್ಮ ಮನೆಯಲ್ಲಿದ್ದಾಳೆ. ಬರಗೂರಿಗೆ ಹೋಗಲು ಒಪ್ಪಲಿಲ್ಲ. ಅಲ್ಲಿ ಕೆರೆ ಏರಿಯ ಮೇಲೆ ಕೂಡ ಜನ ನನ್ನ ಕೊರಳಲ್ಲಿ ಒಡವೆ ಹುಡುಕುತ್ತಾರೆ ಎಂದಳು. ನನ್ನ ಹೆಂಡತಿ ಒಂದು ದಿನ ತಡೆಯಲಾರದೆ ಕೇಳಿಬಿಟ್ಟಳು, "ಯಾರೋ ಹಮಾಲಿಗೋಸ್ಕರ ನಿನ್ನ ಬಾಳು ಹಾಳು ಮಾಡ್ಕೊಂಡ್ಯಲ್ಲೇ?"

ಮಂಗಳ ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಒಡವೆ ಹೋಗಿದ್ದು ಬಸ್ಸಲ್ಲಿ ಅತ್ತೆ. ಅವ್ರ ಕೈ ಹೋಗಿದ್ದು ನಮ್ಮ ಕಂಪ್ಲೇಂಟಲ್ಲಿ. ಇನ್ನೊಂದ್ ಕೈನೂ ಹೋಗ್ಲಿ ಅಂತ ಕಾಯ್ಬೇಕಿತ್ತಾ?"

ಆಮೇಲೆ ನಮ್ಮ ಮನೆಯಲ್ಲಿ ಆ ಮಾತು ಎತ್ತಿದವರಿಲ್ಲ.

ವಿಷಯ ತಿಳಿದ ಮೇಲೆ ಒಬ್ಬೊಬ್ಬರಾಗಿ ಬಂದು ಹೇಳುತ್ತಿದ್ದಾರೆ. ಕೊರಟಗೆರೆಯ ಸ್ನೇಹಿತರೊಬ್ಬರ ಹಾಸಿಗೆ ಸುರುಳಿಯೊಳಗಿದ್ದ ಬೆಳ್ಳಿ ಪೂಜೆ ಸಾಮಾನು ಹೀಗೆಯೇ ಹೋಯಿತಂತೆ. ಸುರುಳಿಯ ಹುರಿ ಬಿಚ್ಚಿರಲಿಲ್ಲ. ಚನ್ನರಾಯನದುರ್ಗದ ಇನ್ನೊಬ್ಬರು ಮಗಳ ಮದುವೆಯ ಸರ ಕಳೆದುಕೊಂಡೂ ಬಾಯಿ ಬಿಡಲಿಲ್ಲವಂತೆ. ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. "ಹೇಳಿದ್ರೆ ಮೊದಲು ನಮ್ಮನ್ನೇ ಅನುಮಾನಿಸ್ತಾರೆ ಮೇಷ್ಟ್ರೇ" ಎಂದರು. ಇದೇ ಮಾತನ್ನು ಯಾರಾದರೂ ಹಿಂದೆ ಹೇಳಿದ್ದರೆ ಹೇಡಿ ಎಂದು ಈ ಅಂಕಣದಲ್ಲೇ ಗೇಲಿ ಮಾಡುತ್ತಿದ್ದೆನೋ ಏನೋ. ಈಗ ಮಾಡಲಾರೆ.

ನಾವು ಟ್ರಂಕನ್ನು ಇನ್ನೊಬ್ಬರ ಕೈಗೆ ಕೊಡುತ್ತೇವೆ. ಕೊಡದೆ ಗತಿಯಿಲ್ಲ, ಒಳಗೆ ಬಿಡುವುದಿಲ್ಲವಲ್ಲ. ಚಾರ್ಜೂ ಕೊಡುತ್ತೇವೆ. ಕೊಟ್ಟ ಮೇಲೆ ಅದು ಯಾರದು? ಇಳಿಸಿಕೊಳ್ಳುವ ತನಕ ಅದು ಯಾರದೂ ಅಲ್ಲ. ಕಳುವಾದ ಮೇಲೆ ಮಾತ್ರ ಪೂರ್ತಿ ನಮ್ಮದು.

ಬಸ್ಸು ಈಗಲೂ ಓಡುತ್ತಿದೆ. ನಾನು ಸ್ಕೂಲಿಗೆ ಹೋಗುವ ದಾರಿಯಲ್ಲೇ ಸ್ಟ್ಯಾಂಡು. ಅದೇ ಕಂಡಕ್ಟರ್ ಫುಟ್‌ಬೋರ್ಡಿನ ಮೇಲೆ ನಿಂತು, "ನಮಸ್ಕಾರ ಮೇಷ್ಟ್ರೇ, ಕೂಸು ಚೆನ್ನಾಗೈತಾ?" ಎಂದು ಕೇಳುತ್ತಾನೆ. ಅವನೇ ಕದ್ದವನು ಎಂದು ನಾನು ಹೇಳಲಾರೆ. ನೋಡಿದವರಿಲ್ಲ. ನೋಡದೆ ಹೇಳಿದರೆ ಖಾದರ್ ಸಾಬನಿಗೆ ಅವರು ಮಾಡಿದ್ದನ್ನೇ ಇವನಿಗೆ ನಾನು ಮಾಡಿದಂತಾಗುತ್ತದೆ. ಹಾಗಾಗಿ ನಮಸ್ಕಾರ ಎನ್ನುತ್ತೇನೆ, ಮುಂದೆ ಹೋಗುತ್ತೇನೆ.

ಒಡವೆ ಕಳೆದುಕೊಂಡವಳನ್ನು ಕೇಳಿದರು, ಜೊತೆಗೆ ಹೋದವನನ್ನು ಕೇಳಿದರು, ಹೊತ್ತವನನ್ನು ಮೂಳೆ ಮುರಿಯುವ ತನಕ ಕೇಳಿದರು. ಇಷ್ಟರಲ್ಲಿ ಒಂದೇ ಒಂದು ಪ್ರಶ್ನೆಯೂ ಇಲ್ಲದೆ ಹಾಯಾಗಿ ಉಳಿದವನು ಕಳ್ಳ ಒಬ್ಬನೇ.